ಕ್ಯಾಂಪರ್ ಎಳೆದರೆ ಕಾರಿನ ಹಿಂಬದಿ ಕುಸಿಯುತ್ತದೆ, ಏನು ಮಾಡಬೇಕು?

ಪ್ರಶ್ನೆ: ನಮ್ಮದು ಸಣ್ಣ ಎಸ್‌ಯುವಿ. ಸಾಮಾನು ತುಂಬಿದ ಮೇಲೆ 650 ಕೆಜಿ ತೂಗುವ ಕ್ಯಾಂಪರ್ (ಒಳಗೇ ತಂಗಬಹುದಾದ ಟ್ರೇಲರ್) ಕಟ್ಟಿಕೊಂಡು ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯಬೇಕೆಂದಿದ್ದೇವೆ. ಟ್ರೇಲರ್ ಸಿಕ್ಕಿಸಿದ ಕೂಡಲೇ ಕಾರಿನ ಹಿಂಬದಿ ಕುಸಿಯುತ್ತದೆ. ಗಟ್ಟಿ ಸ್ಪ್ರಿಂಗ್ ಹಾಕಿಸಿದರೆ ಸಾಕೇ?
– ಓದುಗರು, ಹುಬ್ಬಳ್ಳಿ

ಉತ್ತರ: ಸ್ಪ್ರಿಂಗಿಗೆ ದುಡ್ಡು ಹಾಕುವ ಮೊದಲು ತೂಕ ಹಾಕಿ. ಟ್ರೇಲರ್‌ನ ಹುಕ್ ಕೂರುವ ಬಾಲ್ ಇರುವುದು ಹಿಂದಿನ ಚಕ್ರಕ್ಕಿಂತ ಆಚೆ. ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ) 2,500 ಮಿಮೀ, ಚಕ್ರದಿಂದ ಬಾಲ್ 1,000 ಮಿಮೀ ಹಿಂದೆ, ಅದರ ಮೇಲೆ 65 ಕೆಜಿ ಭಾರ ಎಂದುಕೊಳ್ಳಿ. ಆಗ ಹಿಂದಿನ ಚಕ್ರಗಳ ಮೇಲೆ ಬೀಳುವುದು 91 ಕೆಜಿ, ಮುಂದಿನ ಚಕ್ರಗಳು ಕಳೆದುಕೊಳ್ಳುವುದು 26 ಕೆಜಿ. ಚಕ್ಕಡಿಯ ಹಿಂಬದಿಗೆ ಹೊರೆ ಹೆಚ್ಚಾದರೆ ನೊಗ ಮೇಲೇಳುತ್ತದಲ್ಲ, ಲೆಕ್ಕ ಅದೇ. ಸ್ಟೇರಿಂಗ್ ತಿರುಗಿಸುವುದೂ ಬ್ರೇಕಿನ ಹೆಚ್ಚಿನ ಪಾಲು ಹೊರುವುದೂ ಮುಂದಿನ ಚಕ್ರಗಳೇ. ಘಟ್ಟದ ತಿರುವಿನಲ್ಲಿ ಅವು ಹಗುರಾಗುವುದೇ ನಿಜವಾದ ಅಪಾಯ. ನೋಟಕ್ಕೆ ಕಾಣುವ ಕುಸಿತ ಅದರ ಸೂಚನೆಯಷ್ಟೆ.

ಬಾಲ್ ಮೇಲಿನ ಭಾರ ಅಳೆಯಲು ಮನೆಯಲ್ಲಿ ನಿಂತು ತೂಕ ನೋಡುವ ಯಂತ್ರ ಸಾಕು. ಪ್ರವಾಸಕ್ಕೆ ಹೊರಡುವಾಗಿನಂತೆಯೇ ಟ್ರೇಲರ್ ತುಂಬಿ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ. ಯಂತ್ರದ ಮೇಲೆ ಮರದ ತುಂಡು ನಿಲ್ಲಿಸಿ, ಹುಕ್ಕನ್ನು ಬಾಲ್ ಇರುವ ಎತ್ತರದಲ್ಲೇ ಅದರ ಮೇಲೆ ಇಳಿಸಿ. ನಿಮ್ಮ ಟ್ರೇಲರಿಗೆ 45ರಿಂದ 65 ಕೆಜಿ, ಅಂದರೆ ಒಟ್ಟು ತೂಕದ ಶೇ 7–10, ಸರಿಯಾದ ಅಳತೆ. ಆದರೆ ಕಾರಿನ ಮ್ಯಾನುಯಲ್ ಮತ್ತು ಟೋ ಬಾರ್ (ಬಾಲ್ ಕೂರಿಸಿದ ಉಕ್ಕಿನ ಚೌಕಟ್ಟು) ಮೇಲಿನ ಮಾಹಿತಿ ಫಲಕ, ಇವೆರಡರಲ್ಲಿ ಯಾವ ಮಿತಿ ಕಡಿಮೆಯೋ ಅದನ್ನು ಮೀರಬೇಡಿ.

ಹೆಚ್ಚಾಗಿದ್ದರೆ ಸಾಮಾನು ಸರಿಸಿ. ತುಂಬಿದ ಅಡುಗೆ ಸಿಲಿಂಡರ್ ಸುಮಾರು 30 ಕೆಜಿ ಇರುತ್ತದೆ. ಟ್ರೇಲರ್ ಆಕ್ಸಲ್‌ನಿಂದ (ಚಕ್ರಗಳ ಅಚ್ಚಿನಿಂದ) ಹುಕ್ಕಿಗೆ 3 ಮೀಟರ್ ಇದ್ದರೆ, ಸಿಲಿಂಡರನ್ನು 1 ಮೀಟರ್ ಹಿಂದೆ ಸರಿಸಿದಾಗ ಬಾಲ್ ಮೇಲೆ 10 ಕೆಜಿ ಇಳಿಯುತ್ತದೆ. ನೀರಿನ ಟ್ಯಾಂಕ್ 40 ಲೀಟರಿನದಾದರೆ ಅದೇ 40 ಕೆಜಿ, ಘಟ್ಟ ಇಳಿದ ಮೇಲೆ ತುಂಬಿಸಿಕೊಳ್ಳಬಹುದು. ಭಾರದ ಸಾಮಾನೆಲ್ಲ ಆಕ್ಸಲ್ ನೇರಕ್ಕೆ, ನೆಲಮಟ್ಟದಲ್ಲಿ ಇರಲಿ. ಹಾಗೆಂದು ಟ್ರೇಲರಿನ ಬಾಲಕ್ಕೆ ಒಯ್ದು ತುಂಬಬೇಡಿ: ಬಾಲ್ ಮೇಲೆ ಭಾರ ತೀರಾ ಕಡಿಮೆಯಾದರೆ ಬೈಪಾಸಿನಲ್ಲಿ ಲಾರಿ ಪಕ್ಕದಿಂದ ಹಾದಾಗ ಟ್ರೇಲರ್ ಎಡಬಲ ತೂಗಾಡಲು ಶುರುಮಾಡುತ್ತದೆ, ಆಮೇಲೆ ಹಿಡಿತಕ್ಕೆ ಸಿಗುವುದು ಕಷ್ಟ.

ಡಿಕ್ಕಿಯ ಸೂಟ್‌ಕೇಸುಗಳನ್ನು ಮುಂದಿನ ಸೀಟಿನ ಬೆನ್ನಿಗೆ ತನ್ನಿ. ಹಿಂದಿನ ಟೈರಿಗೆ ಬಾಗಿಲ ಸ್ಟಿಕರಿನಲ್ಲಿರುವ ಪೂರ್ಣ ಭಾರದ ಗಾಳಿ ತುಂಬಿಸಿ. ಕೊನೆಗೆ ಟ್ರೇಲರ್ ಸಿಕ್ಕಿಸಿ, ಅಮರಗೋಳ ಎಪಿಎಂಸಿ ಕಡೆಯ ಯಾವುದಾದರೂ ವೇಬ್ರಿಡ್ಜಿನಲ್ಲಿ ಕಾರಿನ ಹಿಂದಿನ ಚಕ್ರಗಳನ್ನಷ್ಟೇ ನಿಲ್ಲಿಸಿ ತೂಗಿಸಿ. ಆಕ್ಸಲ್ ಮಿತಿಯೊಳಗೆ ಇದ್ದೂ ಕಾರು ಬಂಪ್ ಸ್ಟಾಪಿಗೆ (ಸ್ಪ್ರಿಂಗ್ ಪೂರ್ತಿ ಕುಸಿದಾಗ ತಡೆಯುವ ರಬ್ಬರ್ ತುಂಡಿಗೆ) ಬಡಿಯುತ್ತಿದ್ದರೆ ಆಗ ಸ್ಪ್ರಿಂಗಿನ ಮಾತು. ಖಾಲಿ ಕಾರು ಕೂಡ ಜೋತಿದ್ದರೆ ಹಳೆಯ ಸ್ಪ್ರಿಂಗ್ ಸೋತಿದೆ. ಎಡಬಲ ಎರಡನ್ನೂ ಒಟ್ಟಿಗೇ ಬದಲಿಸಿ.

ಪ್ರಶ್ನೆ: ಕಾಯಿಲ್ ಸ್ಪ್ರಿಂಗಿನ ನಡುವೆ ಸಿಕ್ಕಿಸುವ ರಬ್ಬರ್ ಬಫರ್ ಒಳ್ಳೆಯದೋ, ಸ್ಪ್ರಿಂಗ್ ಒಳಗೆ ಕೂರುವ ಏರ್ ಬ್ಯಾಗ್ ಒಳ್ಳೆಯದೋ?
– ಓದುಗರು, ಹಾವೇರಿ

ಉತ್ತರ: ಟ್ರೇಲರ್ ಎಳೆಯುವವರಿಗೆ ಏರ್ ಬ್ಯಾಗೇ ಮೇಲು. ಬಫರ್ ಹಾಕಿದ ಕಡೆ ಸ್ಪ್ರಿಂಗಿನ ಸುತ್ತುಗಳು ಕೆಲಸ ಮಾಡುವುದಿಲ್ಲ. ಖಾಲಿ ಓಡುವ ದಿನಗಳಲ್ಲೂ ಕಾರು ಕುಕ್ಕುತ್ತದೆ. ಏರ್ ಬ್ಯಾಗಿನ ಗಾಳಿಯನ್ನು ಭಾರಕ್ಕೆ ತಕ್ಕಂತೆ ಹೆಚ್ಚುಕಡಿಮೆ ಮಾಡಬಹುದು. ಸಾಮಾನ್ಯವಾಗಿ ಸಿಗುವವುಗಳಿಗೆ ಕನಿಷ್ಠ 5, ಗರಿಷ್ಠ 35 ಪಿಎಸ್ಐ. ಖಾಲಿ ಇದ್ದಾಗಲೂ 5ಕ್ಕಿಂತ ಇಳಿಸಬೇಡಿ, ಬ್ಯಾಗ್ ಮಡಚಿಕೊಂಡು ಸ್ಪ್ರಿಂಗಿಗೆ ಉಜ್ಜಿ ತೂತಾಗುತ್ತದೆ. ಎಡಬಲದ ಎರಡೂ ಬ್ಯಾಗಿಗೆ ಬೇರೆ ಬೇರೆ ವಾಲ್ವ್ ಹಾಕಿಸಿ. ಒಂದೇ ಪೈಪಿಗೆ ಜೋಡಿಸಿದರೆ ತಿರುವಿನಲ್ಲಿ ಒತ್ತಿದ ಕಡೆಯ ಗಾಳಿ ಇನ್ನೊಂದಕ್ಕೆ ಹರಿದು ಕಾರು ಇನ್ನಷ್ಟು ವಾಲುತ್ತದೆ. ಪೈಪು ಸೈಲೆನ್ಸರ್‌ನಿಂದ ದೂರ ಇರಲಿ, ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ.

ಎರಡರಲ್ಲಿ ಯಾವುದು ಹಾಕಿದರೂ ಆಕ್ಸಲ್ ಹೊರುವ ಮಿತಿ ಹೆಚ್ಚುವುದಿಲ್ಲ, ಮುಂದಿನ ಚಕ್ರ ಕಳೆದುಕೊಂಡ ಭಾರವೂ ವಾಪಸ್ ಬರುವುದಿಲ್ಲ. ಹಿಂಬದಿ ಮಟ್ಟಕ್ಕೆ ಬಂತೆಂದು ಇನ್ನಷ್ಟು ಸಾಮಾನು ಹೇರಬೇಡಿ.

ಪ್ರಶ್ನೆ: ಹಾಗಾದರೆ ಭಾರವನ್ನು ಮುಂದಿನ ಚಕ್ರಕ್ಕೂ ಹಂಚುವ ವೇಟ್ ಡಿಸ್ಟ್ರಿಬ್ಯೂಶನ್ ಹಿಚ್ ಹಾಕಬಹುದೇ?
– ಓದುಗರು, ಗದಗ

ಉತ್ತರ: ಮ್ಯಾನುಯಲ್ ಒಪ್ಪಿದರೆ ಮಾತ್ರ. ಚಾಸಿ (ಬಾಡಿ ಕೂರಿಸುವ ಉಕ್ಕಿನ ಚೌಕಟ್ಟು) ಪ್ರತ್ಯೇಕವಾಗಿಲ್ಲದ ಸಣ್ಣ ಎಸ್‌ಯುವಿಗಳಲ್ಲಿ ಅದರ ಉಕ್ಕಿನ ಪಟ್ಟಿಗಳು ಟೋ ಬಾರ್ ಕೂರಿಸಿದ ತಗಡನ್ನು ತಿರುಚುತ್ತವೆ. ಹಿಚ್ಚಿನ ಸ್ವಂತ ತೂಕವೂ ಬಾಲ್ ಭಾರಕ್ಕೆ ಸೇರುತ್ತದೆ. ಸಣ್ಣ ಕ್ಯಾಂಪರ್‌ಗೆ ಅದರ ಅಗತ್ಯ ಬೀಳುವುದು ಅಪರೂಪ. ಅದರ ಬದಲು ಬಾಲ್‌ನ ಎತ್ತರ ಸರಿಮಾಡಿಸಿ: ಭಾರ ಹೇರಿದ ಮೇಲೆ ನೆಲದಿಂದ ಬಾಲ್‌ನ ನಡುಮಧ್ಯಕ್ಕೆ 350ರಿಂದ 420 ಮಿಮೀ ಇರಬೇಕು, ಟ್ರೇಲರ್ ನೆಲಕ್ಕೆ ಸಮಾನಾಂತರವಾಗಿ ನಿಲ್ಲಬೇಕು.