ಬದಿಯಡ್ಕದ ತಂಗಿಗೆ: ರಿಸರ್ಚ್ ಕೆಲಸದ ಬಗ್ಗೆ ನನಗೆ ಗೊತ್ತಿರುವುದು

ತಂಗೀ,

ನಿನ್ನ ಮೆಸೇಜು ಎರಡು ಸಲ ಓದಿದೆ. ಊರಲ್ಲಿ ನರ್ಸಿಂಗ್ ಮುಗಿಸಿ, ಇಂಗ್ಲೆಂಡಿಗೆ ಎಂಪಿಎಚ್ (ಪಬ್ಲಿಕ್ ಹೆಲ್ತ್ ಮಾಸ್ಟರ್ಸ್) ಓದಲಿಕ್ಕೆ ಬಂದು ಮೂರು ತಿಂಗಳಾಯಿತು ಅಂದಿದ್ದೀ. ಒಂದು ಯೂನಿವರ್ಸಿಟಿಯಲ್ಲಿ ಪಬ್ಲಿಕ್ ಹೆಲ್ತ್ ಮತ್ತು ಎಪಿಡೆಮಿಯಾಲಜಿ (ಜನರಲ್ಲಿ ರೋಗ ಎಲ್ಲಿ, ಎಷ್ಟು, ಯಾಕೆ ಅಂತ ಲೆಕ್ಕ ಹಾಕುವ ಶಾಸ್ತ್ರ) ರಿಸರ್ಚ್ ಹುದ್ದೆಗಳು ಖಾಲಿ ಇರುವುದನ್ನು ಕಂಡು, "ಅಕ್ಕ, ನಮ್ಮಂಥವರಿಗೆ ಇದು ಸಿಗುತ್ತದಾ? ಊರಲ್ಲಿ ಮನೆಮನೆ ಸರ್ವೆಗೆ ಹೋದದ್ದು ಬಿಟ್ಟರೆ ನನಗೆ ಅನುಭವ ಇಲ್ಲ. ಅದನ್ನು ಅರ್ಜಿಯಲ್ಲಿ ಬರೆಯಬೇಕಾ, ಬಿಡಬೇಕಾ?" ಅಂತ ಕೇಳಿದ್ದೀ. ಅದರ ಒಟ್ಟಿಗೆ ವೀಸಾ, ಸಂಬಳ, ಚಳಿ, ಕುಚ್ಚಲಕ್ಕಿ.

ಸಣ್ಣವುಗಳನ್ನು ಮೊದಲು ಮುಗಿಸುತ್ತೇನೆ. ಕುಚ್ಚಲಕ್ಕಿ ಸಿಗುತ್ತದೆ, ಮಲಯಾಳಿಗಳ ಅಂಗಡಿಯಲ್ಲಿ ಮಟ್ಟ ಅಕ್ಕಿ ಅಂತ ಕೇಳು. ಗಂಜಿಗೆ ಅಡ್ಡಿಯಿಲ್ಲ, ನಮ್ಮ ಊರಿನ ಪರಿಮಳ ಮಾತ್ರ ಅದರಲ್ಲಿಲ್ಲ. ಚಳಿಗೆ ಕೋಟು ಇದೆ, ಕಷ್ಟವಾಗುವುದು ಕತ್ತಲೆ. ಅಕ್ಟೋಬರ್ ಕೊನೆಗೆ ಗಡಿಯಾರ ಒಂದು ಗಂಟೆ ಹಿಂದೆ ಹೋದ ಮೇಲೆ, ಊರಲ್ಲಿ ಸಂಜೆಯ ಕಾಫಿ ಕುಡಿಯುವ ಹೊತ್ತಿಗೆ ಇಲ್ಲಿ ದೀಪ ಹಚ್ಚಬೇಕು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅರ್ಧ ಗಂಟೆ ಹೊರಗೆ ನಡೆ. ವೀಸಾ ನಿಯಮ ಆಗಾಗ ಬದಲಾಗುತ್ತದೆ, ಸರ್ಕಾರದ ಸೈಟು ಬಿಟ್ಟು ಯಾರ ಮಾತನ್ನೂ ನಂಬಬೇಡ, ನನ್ನದನ್ನು ಸಹ. ಹುದ್ದೆಗೆ ಸ್ಪಾನ್ಸರ್‌ಶಿಪ್ ಉಂಟೋ ಇಲ್ಲವೋ ಮೊದಲೇ ಕೇಳು. ಪಾರ್ಟ್ ಟೈಮ್ ಹುದ್ದೆಯ ಸಂಬಳ ವೀಸಾದ ಲೆಕ್ಕಕ್ಕೆ ಹೆಚ್ಚಾಗಿ ಸಾಲುವುದಿಲ್ಲ. ಕೆಲಸದ ವೀಸಾಕ್ಕೆ ಹೋಗುವಾಗ ಆರೋಗ್ಯದ ಸರ್ಚಾರ್ಜ್ ಅಂತ ವರ್ಷಕ್ಕೆ 1,035 ಪೌಂಡ್ ಇದೆ, ಅದೂ ಅಷ್ಟೂ ವರ್ಷದ್ದು ಒಮ್ಮೆಗೇ ಕಟ್ಟಬೇಕು. ಈಗಿನಿಂದಲೇ ತೆಗೆದಿಡು.

ಇನ್ನು ಹುದ್ದೆಯ ವಿಷಯ. ಪಿಎಚ್‌ಡಿ ಇಲ್ಲದವರಿಗೆ ರಿಸರ್ಚ್ ಅಸಿಸ್ಟೆಂಟ್. ರಿಸರ್ಚ್ ಅಸೋಸಿಯೇಟ್ ಅಂದರೆ ಸಾಮಾನ್ಯವಾಗಿ ಪಿಎಚ್‌ಡಿ ಆದವರು. ಫೆಲೋ ಎಂಬ ಪದಕ್ಕೆ ಒಂದೊಂದು ಕಡೆ ಒಂದೊಂದು ಅರ್ಥ. ಹೆಸರು ಬಿಟ್ಟು ಗ್ರೇಡ್ ನೋಡು. ಹೆಚ್ಚಿನವು ಎರಡು ವರ್ಷ, ಮೂರು ವರ್ಷದ ಕೆಲಸ. ಆ ದುಡ್ಡು ಎನ್‌ಐಎಚ್‌ಆರ್, ವೆಲ್‌ಕಮ್, ಮೆಡಿಕಲ್ ರಿಸರ್ಚ್ ಕೌನ್ಸಿಲ್‌ನಂಥ, ರಿಸರ್ಚಿಗೆ ಗ್ರಾಂಟು ಕೊಡುವ ಸಂಸ್ಥೆಗಳಿಂದ ಬಂದದ್ದು. ಗ್ರಾಂಟು ಮುಗಿದಲ್ಲಿ ಹುದ್ದೆ ಮುಗಿಯಿತು. "ಪರ್ಮನೆಂಟ್ ಆಯಿತಾ?" ಅಂತ ನಿನ್ನ ಅಪ್ಪ ಪ್ರತಿ ಫೋನಿನಲ್ಲಿ ಕೇಳುತ್ತಾರೆ. ನನ್ನ ಅಪ್ಪ ಕೇಳಿದ್ದಾರೆ. ಸತತ ನಾಲ್ಕು ವರ್ಷ ಹೀಗೆ ನವೀಕರಿಸುತ್ತ ದುಡಿದವರನ್ನು, ತಕ್ಕ ಕಾರಣ ತೋರಿಸದ ಹೊರತು, ಖಾಯಂ ಅಂತ ಪರಿಗಣಿಸಬೇಕೆಂದು ಇಲ್ಲಿ 2002ರ ನಿಯಮ ಉಂಟು. ಆದರೆ ಖಾಯಂ ಆದವರ ಗ್ರಾಂಟೂ ಮುಗಿಯುತ್ತದೆ. ಇದನ್ನು ಅಪ್ಪನಿಗೆ ಬಿಡಿಸಿ ಹೇಳು, ಮುಚ್ಚಿಡಬೇಡ.

ಜಾಹೀರಾತಿನ ಒಟ್ಟಿಗೆ ಪರ್ಸನ್ ಸ್ಪೆಸಿಫಿಕೇಶನ್ ಅಂತ ಒಂದು ಪಟ್ಟಿ ಇರುತ್ತದೆ. ಬೇಕೇಬೇಕಾದದ್ದು ಯಾವುದು, ಇದ್ದರೆ ಒಳ್ಳೆಯದು ಯಾವುದು ಅಂತ. ಅರ್ಜಿ ಓದುವವರು ಆ ಪಟ್ಟಿ ಹಿಡಿದು ಒಂದೊಂದಕ್ಕೂ ಅಂಕ ಹಾಕುತ್ತಾರೆ. ಅದರ ಕ್ರಮದಲ್ಲೇ ಬರೆ, ಪ್ರತಿಯೊಂದಕ್ಕೂ ನೀನು ಮಾಡಿದ ಒಂದು ಕೆಲಸ ತೋರಿಸು. ಜಾಹೀರಾತಿನ ಕೆಳಗೆ "ವಿಚಾರಿಸುವುದಿದ್ದರೆ ಇವರಿಗೆ ಬರೆಯಿರಿ" ಅಂತ ಪ್ರೊಫೆಸರರ ಹೆಸರು ಇದ್ದರೆ ಖಂಡಿತ ಬರೆ. ನಾನು ಮೊದಲ ವರ್ಷ ಯಾರಿಗೂ ಬರೆಯಲಿಲ್ಲ. ಶಿಫಾರಸು ಕೇಳಿದ ಹಾಗೆ ಆಗುತ್ತದೆ, ಮರ್ಯಾದೆ ಅಲ್ಲ ಅಂತ ಸಂಕೋಚ. ಇಲ್ಲಿ ಅದನ್ನು ಆಸಕ್ತಿ ಅಂತ ತಿಳಿಯುತ್ತಾರೆ.

ಈಗ ನಿನ್ನ ದೊಡ್ಡ ಪ್ರಶ್ನೆ. ಸರ್ವೆ ಕೆಲಸವನ್ನು ಬರೆ. ಎಲ್ಲಕ್ಕಿಂತ ಮೊದಲು ಬರೆ.

ನಾನು ಬಂದದ್ದು 2006ರ ಸೆಪ್ಟೆಂಬರಿನಲ್ಲಿ. ಮಂಗಳೂರು ಯೂನಿವರ್ಸಿಟಿಯ ಮಂಗಳಗಂಗೋತ್ರಿಯಲ್ಲಿ ಸ್ಟಾಟಿಸ್ಟಿಕ್ಸ್ ಎಂಎಸ್ಸಿ ಮಾಡಿದ್ದೆ. ಪೆಟ್ಟಿಗೆಯಲ್ಲಿ ಅಮ್ಮ ಕಟ್ಟಿಕೊಟ್ಟ ಹಲಸಿನ ಹಪ್ಪಳ, ಮಾಂಬಳ, ಎರಡು ಸೀರೆ. ಎಪಿಡೆಮಿಯಾಲಜಿ ಕೋರ್ಸು ಮುಗಿಯುತ್ತ ಬಂದಾಗ ಒಂಬತ್ತು ಕಡೆ ಅರ್ಜಿ ಹಾಕಿದೆ, ಒಂದರಲ್ಲೂ ಸಂದರ್ಶನಕ್ಕೆ ಕರೆಯಲಿಲ್ಲ. ಅರ್ಜಿಯ ತುಂಬ ಬರೆದದ್ದು ಸ್ಟೇಟಾ ಎಂಬ ಸ್ಟಾಟಿಸ್ಟಿಕ್ಸ್ ಸಾಫ್ಟ್‌ವೇರ್, ರಿಗ್ರೆಶನ್, ನನ್ನ ಮಾರ್ಕು. 2004ರಲ್ಲಿ ಐದು ತಿಂಗಳು ನಮ್ಮ ಕಾಸರಗೋಡಿನ ಎಣ್ಮಕಜೆ ಪಂಚಾಯತಿನಲ್ಲಿ ಮನೆಮನೆ ಸರ್ವೆಯ ಫಾರ್ಮು ತುಂಬಿಸಲಿಕ್ಕೆ ಗುಡ್ಡೆ ಹತ್ತಿ ಇಳಿದದ್ದನ್ನು ಬರೆದಿರಲಿಲ್ಲ. ದಿನಗೂಲಿಯ ಕೆಲಸ, ಅದನ್ನೇನು ಹೇಳುವುದು ಅನಿಸಿತ್ತು. ನನ್ನ ಗೈಡ್ ಆಗಿದ್ದ ಹಿರಿಯ ಹೆಂಗಸು ಒಂದು ದಿನ ಊರಿನ ಬಗ್ಗೆ ಕೇಳುತ್ತ ಕೇಳುತ್ತ ಇದನ್ನೆಲ್ಲ ಹೊರಗೆ ತೆಗೆದರು. "ಇದು ಎಲ್ಲಿ ಅರ್ಜಿಯಲ್ಲಿ?" ಅಂದರು. ಹತ್ತನೆಯ ಅರ್ಜಿಯಲ್ಲಿ ಅದೇ ಮೊದಲ ಪ್ಯಾರಾ.

ನಿನಗೆ ಆ ಕಥೆ ಹೇಳಬೇಕಾಗಿಲ್ಲ. ಗೇರು ತೋಟಕ್ಕೆ ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕದ ಮದ್ದು ಬಿಟ್ಟದ್ದು, ಗೇರು ಗುಡ್ಡೆಯ ಮೇಲೆ ಇದ್ದರೆ ನಮ್ಮ ಮನೆ, ಬಾವಿ, ನೀರಿಗಾಗಿ ಗುಡ್ಡೆಗೆ ಕೊರೆದ ಸುರಂಗ, ತೋಡು ಎಲ್ಲ ಕೆಳಗೆ ಇದ್ದದ್ದು, ಪಡ್ರೆಯ ಡಾಕ್ಟರ್ ಮೋಹನ್ ಕುಮಾರರು ಒಬ್ಬರೇ ಕುಳಿತು ರೋಗಿಗಳ ಲೆಕ್ಕ ಇಟ್ಟು ಬರೆದದ್ದು, ಪತ್ರಕರ್ತ ಶ್ರೀ ಪಡ್ರೆಯವರು ಲೋಕಕ್ಕೆ ತಿಳಿಸಿದ್ದು. ಆ ಹತ್ತನೆಯ ಅರ್ಜಿಯ ಸಂದರ್ಶನದಲ್ಲಿ ಹತ್ತು ನಿಮಿಷ ಒಂದು ಅಧ್ಯಯನವನ್ನು ವಿವರಿಸಲಿಕ್ಕೆ ಹೇಳಿದರು. ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯವರು ಪಡ್ರೆಯಲ್ಲಿ ನಡೆಸಿ 2003ರಲ್ಲಿ ಪ್ರಕಟಿಸಿದ್ದನ್ನು ತೆಗೆದುಕೊಂಡೆ: ಗೇರುಗುಡ್ಡೆಯ ಬುಡದ ಊರಿನ 117 ಹುಡುಗರು, ಮದ್ದು ಬೀಳದ ಊರಿನ 90 ಹುಡುಗರು. ಮದ್ದು ಬಿದ್ದ ಊರಿನವರು ಪ್ರಾಯಕ್ಕೆ ಬರುವುದು ತಡವಾಗಿತ್ತು. "ಆ ಎರಡು ಊರು ಉಳಿದ ವಿಷಯದಲ್ಲಿ ಒಂದೇ ಹಾಗೆ ಇದ್ದವೇ?" ಅಂತ ಕೇಳಿದರು. ಪುಸ್ತಕ ಓದಿದವರು ಅದಕ್ಕೆ ತಡವರಿಸುತ್ತಾರೆ. ಯಾವ ಮನೆಯವರು ಸುರಂಗದ ನೀರು ಕುಡಿಯುತ್ತಾರೆ, ಯಾರು ಬಾವಿಯದ್ದು, ಯಾರು ತೋಟದ ಕೆಲಸಕ್ಕೆ ಹೋಗುತ್ತಾರೆ, ಮನೆಯಲ್ಲಿ ಏನು ಉಣ್ಣುತ್ತಾರೆ ಅಂತ ನನಗೆ ಗೊತ್ತಿತ್ತು.

ಇನ್ನೊಂದು ಮಾತು ಹೇಳಿದೆ, ಅದನ್ನು ನೀನೂ ಇಟ್ಟುಕೋ. ನಮ್ಮ ಕಡೆಯವರು ಹೆರಿಗೆಗೆ, ಕಿಡ್ನಿಗೆ, ಕ್ಯಾನ್ಸರಿಗೆ ಮಂಗಳೂರಿಗೆ ಹೋಗುವವರು. ರೋಗಿಯ ಚೀಟಿ ಕರ್ನಾಟಕದ ಆಸ್ಪತ್ರೆಯಲ್ಲಿ, ಅವನ ಪಂಚಾಯತಿನ ಜನಸಂಖ್ಯೆ ಕೇರಳದ ಪುಸ್ತಕದಲ್ಲಿ. ಭಾಗಾಕಾರದ ಮೇಲಿನ ಅಂಕಿ ಒಂದು ರಾಜ್ಯದಲ್ಲಿ, ಕೆಳಗಿನ ಅಂಕಿ ಇನ್ನೊಂದರಲ್ಲಿ ಇದ್ದರೆ ರೋಗದ ದರ ಹೇಗೆ ಹುಟ್ಟುತ್ತದೆ? ಗಡಿಯಲ್ಲಿ ಹುಟ್ಟಿದವರಿಗೆ ಇದು ಯಾರೂ ಕಲಿಸದೆ ತಿಳಿಯುತ್ತದೆ. ಆ ಕೆಲಸ ನನಗೆ ಸಿಕ್ಕಿತು. ಹೆಮ್ಮೆಯಿಂದಲೇ ಹೇಳುತ್ತೇನೆ, ಊರು ಕೊಡಿಸಿದ ಕೆಲಸ ಅದು.

ಇಷ್ಟಕ್ಕೇ ನಿಲ್ಲಿಸಿದರೆ ನಿನಗೆ ಅರ್ಧ ಹೇಳಿದ ಹಾಗೆ.

ಆ ಐದು ತಿಂಗಳಲ್ಲಿ ದಿನಕ್ಕೆ ಹನ್ನೆರಡು ಮನೆ ಅಂತ ಲೆಕ್ಕ ಇತ್ತು. ಫಾರ್ಮು ಮಲಯಾಳದಲ್ಲಿ ಅಚ್ಚಾಗಿತ್ತು. ಮನೆಗಳಲ್ಲಿ ತುಳು, ಕನ್ನಡ, ಹವ್ಯಕ, ಮರಾಠಿ. ನಾನು ಓದಿಕೊಂಡು, ಅವರವರ ಭಾಷೆಯಲ್ಲಿ ಕೇಳಿ, ಗುರುತು ಹಾಕುವುದು. ಒಂದು ಮನೆಯಲ್ಲಿ ನನಗಿಂತ ಐದಾರು ವರ್ಷ ದೊಡ್ಡವಳು ಒಬ್ಬಳು ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುತ್ತಿದ್ದಳು. ಎಷ್ಟು ಮಕ್ಕಳು ಅಂತ ಕೇಳಿದೆ. "ಒಬ್ಬ ಶಾಲೆಗೆ ಹೋಗಿದ್ದಾನೆ. ಎರಡನೆಯದ್ದು ನಿಲ್ಲಲಿಲ್ಲ" ಅಂದಳು, ಕೈ ನಿಲ್ಲಿಸದೆ. ಫಾರ್ಮಿನಲ್ಲಿ ಮೂರು ಕಾಲಂ: ಗರ್ಭಪಾತ, ಸತ್ತು ಹುಟ್ಟಿದ್ದು, ಹುಟ್ಟಿ ತೀರಿಕೊಂಡದ್ದು. ನಮ್ಮ ಕಡೆ "ನಿಲ್ಲಲಿಲ್ಲ" ಎಂಬ ಒಂದು ಮಾತು ಈ ಮೂರಕ್ಕೂ ಸಾಕು, ನಿನಗೆ ಗೊತ್ತಲ್ಲ. ಇನ್ನೊಮ್ಮೆ ಕೇಳಲಿಕ್ಕೆ ನನಗೆ ಬಾಯಿ ಬರಲಿಲ್ಲ. ಮೊದಲನೆಯ ಕಾಲಂಗೆ ಗುರುತು ಹಾಕಿದೆ.

ಆಮೇಲೆ ರೇಷನ್ ಕಾರ್ಡಿನ ನಂಬರು ಬೇಕಿತ್ತು. ಒಳಗಿಂದ ಒಂದು ತಗಡಿನ ಪೆಟ್ಟಿಗೆ ತಂದು ನನ್ನ ಎದುರೇ ತೆರೆದಳು. ಕಾರ್ಡಿನ ಕೆಳಗೆ, ಅರಿಶಿನ ಹತ್ತಿದ ಬಟ್ಟೆಯ ತುಂಡಿನಲ್ಲಿ, ಎಳೆ ಮಗುವಿನ ಸೊಂಟಕ್ಕೆ ಕಟ್ಟುವ ಬೆಳ್ಳಿಯ ನೇವಳ ಇತ್ತು. ಶಾಲೆಗೆ ಹೋದವನದ್ದೂ ಆಗಿರಬಹುದು. ಎರಡನೆಯದ್ದಕ್ಕೆ ಹೆಸರಿಡುವ ದಿನ ಕಟ್ಟಿದ್ದೂ ಆಗಿರಬಹುದು. ಕಂಡೆ. ಕೇಳಬೇಕು ಅಂತ ಗೊತ್ತಾಯಿತು. ಗುರುತು ಬದಲಿಸಲಿಲ್ಲ, ಕೇಳಲೂ ಇಲ್ಲ. ಇನ್ನು ನಾಲ್ಕು ಮನೆ ಬಾಕಿ, ಮೂರೂವರೆಯ ಬಸ್ಸು ತಪ್ಪಿದರೆ ಮತ್ತೆ ಇಲ್ಲ. ಏಳುವಾಗ ಮಜ್ಜಿಗೆ ಕೊಟ್ಟು ಕೇಳಿದಳು, "ಇದರಲ್ಲಿ ಎಂತ ಬಂತು ಅಂತ ನಮಗೆ ಹೇಳುತ್ತೀರಾ?" "ಬಂದು ಹೇಳುತ್ತೇನೆ" ಅಂದೆ.

ಸ್ಟಾಟಿಸ್ಟಿಕ್ಸ್ ಓದಿದವಳಾಗಿ ಹೇಳುತ್ತೇನೆ, ಆ ಒಂದು ಗುರುತು ಸಣ್ಣದಲ್ಲ. ಗರ್ಭಪಾತವನ್ನು ಭಾಗಿಸುವುದು ಬಸುರಿಗಳ ಸಂಖ್ಯೆಯಿಂದ, ಸತ್ತು ಹುಟ್ಟಿದ್ದನ್ನು ಒಟ್ಟು ಹೆರಿಗೆಗಳಿಂದ, ಶಿಶುಮರಣವನ್ನು ಜೀವಂತ ಹುಟ್ಟಿದ ಮಕ್ಕಳ ಸಂಖ್ಯೆಯಿಂದ. ಆ ಮಗು ನಲವತ್ತು ದಿನ ಬದುಕಿದ್ದರೆ, ನನ್ನ ಪೆನ್ನಿನಲ್ಲಿ ಅದು ಸತ್ತವರ ಪಟ್ಟಿಯಿಂದ ಬಿಟ್ಟುಹೋಯಿತು, ಹುಟ್ಟಿದವರ ಪಟ್ಟಿಯಿಂದಲೂ ಬಿಟ್ಟುಹೋಯಿತು. ಅಂಥ ಎಷ್ಟು "ನಿಲ್ಲಲಿಲ್ಲ"ಗಳನ್ನು ಆ ತಿಂಗಳುಗಳಲ್ಲಿ ಮೊದಲ ಕಾಲಂಗೆ ಹಾಕಿದ್ದೇನೆ ಅಂತ ಈಗ ಎಣಿಸಲಿಕ್ಕೆ ದಾರಿ ಇಲ್ಲ.

ಇಲ್ಲಿ ಕೆಲಸಕ್ಕೆ ಸೇರಿದ ಮೇಲೆ ತರಬೇತಿಯಲ್ಲಿ ಬ್ರಾಡ್‌ಫರ್ಡಿನ ಒಂದು ಅಧ್ಯಯನದ ಮಾತು ಬಂತು. 2007ರಿಂದ ಅಲ್ಲಿ ಬಸುರಿಯರನ್ನು ಸೇರಿಸಿಕೊಂಡು, ಹುಟ್ಟಿದ ಸುಮಾರು 13,500 ಮಕ್ಕಳ ಬೆಳವಣಿಗೆಯನ್ನು ಇಂದಿಗೂ ನೋಡುತ್ತಿದ್ದಾರೆ. ಅರ್ಧಕ್ಕೆ ಹತ್ತಿರದಷ್ಟು ಮನೆಗಳ ಮೂಲ ಪಾಕಿಸ್ತಾನ. ಅವರಲ್ಲಿ ಹಲವರು ಆಡುವ ಮೀರ್‌ಪುರಿ ಭಾಷೆಗೆ ರೂಢಿಯ ಬರಹವಿಲ್ಲ ಅಂತ, ಪ್ರಶ್ನೆಗಳನ್ನು ಅದರ ಉಚ್ಚಾರಣೆಯಲ್ಲೇ ಬರೆದಿಟ್ಟು, ಆ ಭಾಷೆ ಬಲ್ಲವರಿಂದ ಕೇಳಿಸಿದರು. ಅದನ್ನು ಕೇಳಿದಾಗ ನನಗೆ ತಲೆ ಎತ್ತಲಿಕ್ಕೆ ಆಗಲಿಲ್ಲ. ನಮ್ಮ ಊರಿನ ಸರ್ವೆಯಲ್ಲಿ ಮನೆಯವರ ಭಾಷೆ ಬಲ್ಲವಳು ನಾನೇ ಇದ್ದೆ. ಪ್ರಶ್ನೆ ಇನ್ನೊಮ್ಮೆ ಕೇಳಲಿಲ್ಲ. ನಾನಿರುವ ವಿಭಾಗದಲ್ಲಿ ಅಧ್ಯಯನ ಮುಗಿದ ಮೇಲೆ ಅದರಲ್ಲಿ ಭಾಗವಹಿಸಿದ ಪ್ರತಿ ಮನೆಗೆ ಒಂದು ಪುಟದ ಪತ್ರ ಹೋಗುತ್ತದೆ, ಇಂಥದ್ದು ತಿಳಿಯಿತು, ಇಂಥದ್ದು ತಿಳಿಯಲಿಲ್ಲ ಅಂತ. ಹಲವು ವರ್ಷ ಆ ಪತ್ರ ಬರೆಯುವ ಕೆಲಸ ನನ್ನದೇ ಆಗಿತ್ತು. ಗುರುತಿಲ್ಲದ ನೂರಾರು ಮನೆಗೆ ಬರೆದಿದ್ದೇನೆ.

2011ರಲ್ಲಿ ವಿಷಕಾರಿ ರಾಸಾಯನಿಕಗಳನ್ನು ನಿಲ್ಲಿಸುವ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಎಂಡೋಸಲ್ಫಾನ್ ಸೇರಿದ ದಿನ, 2017ರಲ್ಲಿ ಸಂತ್ರಸ್ತರಿಗೆ ಐದು ಲಕ್ಷ ಕೊಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ ದಿನ, ಎರಡೂ ಸಲ ಅವಳ ಜಗಲಿ ನೆನಪಾಯಿತು. ಸಂತ್ರಸ್ತರ ಪಟ್ಟಿಯಲ್ಲಿ ಹೆಸರು ಸೇರಲಿಕ್ಕೆ ಕಾಗದ ಬೇಕು, ದಾಖಲೆ ಬೇಕು ಅಂತ ಊರಿನಲ್ಲಿ ಜನ ಅಲೆದದ್ದನ್ನು ನೀನು ನನಗಿಂತ ಹತ್ತಿರದಿಂದ ನೋಡಿದ್ದೀ. ನಾವು ಬರೆದ ಆ ಫಾರ್ಮುಗಳು ಎಲ್ಲಿಗೆ ಹೋದವು ಅಂತ ನಾನು ಯಾರಲ್ಲೂ ವಿಚಾರಿಸಲಿಲ್ಲ. ಊರಿಗೆ ಏಳು ಸಲ ಬಂದಿದ್ದೇನೆ. ಬದಿಯಡ್ಕದಿಂದ ಪೆರ್ಲಕ್ಕೆ ಬಸ್ಸಿನಲ್ಲಿ ಹೋಗಿದ್ದೇನೆ. ಅವಳ ಮನೆಯ ದಾರಿಯ ತಿರುವಿನಲ್ಲಿ ಬಸ್ಸು ನಿಲ್ಲುತ್ತದೆ. ಇಳಿದಿಲ್ಲ. ಏನು ಬಂತು ಅಂತ ಹೇಳಲಿಕ್ಕೆ ನನ್ನ ಕೈಯಲ್ಲಿ ಏನೂ ಇರಲಿಲ್ಲ ಅಂತ ಪ್ರತಿ ಸಲ ಅಂದುಕೊಂಡೆ. ಏನೂ ಬರಲಿಲ್ಲ ಅಂತಲಾದರೂ ಹೇಳಬಹುದಿತ್ತು.

ಅದಕ್ಕೇ ನಿನಗೆ ಹೇಳುವುದು, ನಿನ್ನ ಸರ್ವೆಯನ್ನು ಅರ್ಜಿಯಲ್ಲಿ ಬರೆಯುವಾಗ "350 ಮನೆ ಮಾಡಿದೆ" ಅಂತ ಸಂಖ್ಯೆ ಮಾತ್ರ ಬರೆಯಬೇಡ. ಯಾವ ಮಾತಿಗೆ ಫಾರ್ಮಿನಲ್ಲಿ ಜಾಗ ಇರಲಿಲ್ಲ, ಆಗ ನೀನು ಏನು ಮಾಡಿದೆ ಅಂತ ಬರೆ. ತಪ್ಪಾಗಿದ್ದರೆ ತಪ್ಪು ಅಂತಲೇ ಬರೆ. ಸಂದರ್ಶನದ ಕೊನೆಗೆ "ನಿಮಗೇನಾದರೂ ಕೇಳಲಿಕ್ಕಿದೆಯಾ?" ಅನ್ನುತ್ತಾರೆ. ಬಡ್ತಿ, ರಜೆ ಆಮೇಲೆ ಕೇಳಬಹುದು. ಫಲಿತಾಂಶವನ್ನು ಜನರಿಗೆ ಯಾರು, ಯಾವ ಭಾಷೆಯಲ್ಲಿ ತಲುಪಿಸುತ್ತಾರೆ, ಅದಕ್ಕೆ ಗ್ರಾಂಟಿನಲ್ಲಿ ದುಡ್ಡು ಇಟ್ಟಿದ್ದಾರಾ ಅಂತ ಕೇಳು. ಆ ಉತ್ತರದಲ್ಲಿ ಅವರು ಎಂಥವರು ಅಂತ ನಿನಗೆ ತಿಳಿಯುತ್ತದೆ.

ನೀನು ಹೋಗಿದ್ದ ಮನೆಯವರ ಹತ್ತಿರ "ಬರುತ್ತೇನೆ" ಅಂತ ಹೇಳಿದ್ದರೆ, ಏಪ್ರಿಲ್ ರಜೆಯಲ್ಲಿ ಹೋಗುವಾಗ ಒಂದು ದಿನ ಅದಕ್ಕೆಂದೇ ಇಡು. ಈಗಲೇ ಹೋಗು, ವರ್ಷ ಕಳೆದಷ್ಟೂ ಆ ತಿರುವಿನಲ್ಲಿ ಇಳಿಯುವುದು ಕಷ್ಟವಾಗುತ್ತದೆ.

ಅರ್ಜಿಯ ಕರಡು ಕಳಿಸು, ಭಾನುವಾರ ಕುಳಿತು ನೋಡುತ್ತೇನೆ. ಕೊನೆಯ ದಿನಾಂಕಕ್ಕೆ ಕಾಯಬೇಡ, ಅರ್ಜಿ ತುಂಬ ಬಂದರೆ ಕೆಲವರು ಮೊದಲೇ ಮುಚ್ಚುತ್ತಾರೆ. ಊರಿಂದ ಬರುವಾಗ ಜಾಗ ಇದ್ದರೆ ಒಂದು ಸಣ್ಣ ಕಟ್ಟು ಹಲಸಿನ ಹಪ್ಪಳ ತಾ. ನನ್ನ ಅಮ್ಮ ಹೋದ ಮೇಲೆ ಮನೆಯಲ್ಲಿ ಮಾಡಿದ್ದು ತಿಂದಿಲ್ಲ.