ಬಿಳಿ ಬಣ್ಣಕ್ಕೆ ಮೊದಲು ನೀರಿಗೆ ದಾರಿ ಮಾಡಿ

ಓದುಗರ ಪ್ರಶ್ನೆ, ಕಟ್ಟಡ ಎಂಜಿನಿಯರ್ ಉತ್ತರ

ಪ್ರಶ್ನೆ: ನಮ್ಮದು ಎರಡು ಮಹಡಿಯ ಶಾಲೆ. ಕಟ್ಟಿ 18 ವರ್ಷವಾಯಿತು. ಮಧ್ಯಾಹ್ನವಾದರೆ ಮೇಲಿನ ತರಗತಿಗಳಲ್ಲಿ ಮಕ್ಕಳು ಕೂರಲು ಆಗುವುದಿಲ್ಲ, ಅಷ್ಟು ಸೆಕೆ. ಮಳೆ ಬಂದರೆ ಎರಡು ಮೂಲೆಯಲ್ಲಿ ಸೋರುತ್ತದೆ. ತಾರಸಿಗೆ ಬಿಳಿ ಬಣ್ಣ ಹೊಡೆಸಿದರೆ ಎರಡೂ ಸರಿಹೋಗುತ್ತದೆ ಅಂತ ಒಬ್ಬರು, ಮೇಲೆ ಶೀಟ್ ಹಾಕಿಸಿ ಅಂತ ಇನ್ನೊಬ್ಬರು. ಯಾರ ಮಾತು ಕೇಳೋಣ?

ಸದ್ಯಕ್ಕೆ ಎರಡನ್ನೂ ತಡೆಯಿರಿ. ಮೊದಲು ನೀರಿನ ಕೆಲಸ, ಆಮೇಲೆ ಬಿಸಿಲಿನ ಕೆಲಸ. ಸೋರುವ ತಾರಸಿಗೆ ಬಣ್ಣ ಬಳಿದರೆ ಬಿರುಕು ಕಣ್ಣಿಗೆ ಮರೆಯಾಗುತ್ತದೆ, ನೀರು ಮಾತ್ರ ಒಳಗೆ ಇಳಿಯುತ್ತಲೇ ಇರುತ್ತದೆ.

ಜೋರು ಮಳೆ ಬಂದು ನಿಂತ ಮೇಲೆ ಎರಡು ದಿನ ಬಿಟ್ಟು ತಾರಸಿಗೆ ಹತ್ತಿ. 48 ಗಂಟೆ ಕಳೆದರೂ ಎಲ್ಲಾದರೂ ನೀರು ನಿಂತಿದ್ದರೆ ಅಲ್ಲಿ ವಾಟ, ಅಂದರೆ ನೀರು ಹರಿಯಲು ಕೊಡುವ ಇಳಿಜಾರು, ಸರಿ ಇಲ್ಲ ಎಂದೇ ಅರ್ಥ. ನೀರಿನ ಅಂಚಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಫೋಟೋ ತೆಗೆದಿಡಿ. ಒಂದು ಚದರ ಮೀಟರಿನಲ್ಲಿ 1 ಮಿಲಿಮೀಟರ್ ನೀರು ನಿಂತರೆ ಅದರ ತೂಕ 1 ಕಿಲೋ. 5 ಮೀಟರ್ ಉದ್ದ, 4 ಮೀಟರ್ ಅಗಲದ ಜಾಗದಲ್ಲಿ 25 ಮಿಲಿಮೀಟರ್ ನಿಂತರೆ ಅರ್ಧ ಟನ್. ಆ ಭಾರಕ್ಕೆ ಚಾವಣಿ ಒಂದಿಷ್ಟು ಬಾಗುತ್ತದೆ. ಬಾಗಿದ ಕಡೆ ಮುಂದಿನ ಮಳೆಯಲ್ಲಿ ಇನ್ನೂ ಜಾಸ್ತಿ ನೀರು ನಿಲ್ಲುತ್ತದೆ.

ಕೆಲಸ ಮುಗಿದ ಮೇಲೆ ವಾಟ ಕಡೇಪಕ್ಷ 80ಕ್ಕೆ 1 ಇರಬೇಕು. ಅಂದರೆ 8 ಮೀಟರ್ ದೂರಕ್ಕೆ 10 ಸೆಂಟಿಮೀಟರ್ ಇಳಿಯಬೇಕು. ಗಾರೆ ಕೆಲಸದಲ್ಲಿ ಅಲ್ಲಿ ಇಲ್ಲಿ ಹೆಚ್ಚುಕಮ್ಮಿ ಆಗುವುದು ಸಹಜ. ಅದಕ್ಕೇ ನಕ್ಷೆಯಲ್ಲಿ 40ಕ್ಕೆ 1 ಎಂದು ಬರೆಸಿ, ಆಗ ಕೊನೆಗೆ 80ಕ್ಕೆ 1 ಆದರೂ ಸಿಗುತ್ತದೆ.

ಆಮೇಲೆ ನೀರಿಳಿಯುವ ಪೈಪಿನ ಬಾಯಿ ನೋಡಿ. ಒಮ್ಮೆ ಒಂದು ಆಸ್ಪತ್ರೆಯ ತಾರಸಿ ನೋಡಲು ಕರೆದಿದ್ದರು. ಮೂರು ಸಲ ವಾಟರ್‌ಪ್ರೂಫಿಂಗ್ ಮಾಡಿಸಿದ್ದರೂ ಪ್ರತಿ ವರ್ಷ ಅದೇ ಜಾಗದಲ್ಲಿ ಸೋರುತ್ತಿತ್ತು. ನಾನು ಪೈಪಿನ ಬಾಯಿಯ ಸುತ್ತ ಕೈಯಾಡಿಸಿದೆ. ಅದರ ಅಂಚು ಸುತ್ತಲಿನ ನೆಲಕ್ಕಿಂತ ಒಂದು ಬೆರಳಿನಷ್ಟು ಮೇಲಿತ್ತು. ಅಷ್ಟು ಎತ್ತರಕ್ಕೆ ನೀರು ತುಂಬದೆ ಪೈಪಿಗೆ ಇಳಿಯುವಂತೆಯೇ ಇರಲಿಲ್ಲ. ಅಲ್ಲಿಯವರೆಗೆ ಅದು ಪೈಪು ಮತ್ತು ಕಾಂಕ್ರೀಟಿನ ನಡುವಿನ ಕೂದಲೆಳೆಯಷ್ಟು ಸಂದಿಯಲ್ಲಿ ಕೆಳಗಿನ ವಾರ್ಡಿಗೆ ಇಳಿಯುತ್ತಿತ್ತು. ಸುತ್ತ ಒಂದು ಮೊಳದಷ್ಟು ಒಡೆಸಿ, ಬಾಯನ್ನು ತಗ್ಗಿಸಿ ಕೂರಿಸಿ, ವಾಟರ್‌ಪ್ರೂಫಿಂಗ್ ಪದರವನ್ನು ಪೈಪಿನ ಒಳಗೆ ಮಡಿಸಿ ಅಂಟಿಸಿದೆವು. ಸೋರುವುದು ನಿಂತಿತು. ಆ ಮೂರು ಸಲವೂ ಇಡೀ ತಾರಸಿಗೆ ಬಳಿದಿದ್ದರು, ಈ ಒಂದು ಅಡಿ ಜಾಗವನ್ನು ಯಾರೂ ಬಗ್ಗಿ ನೋಡಿರಲಿಲ್ಲ. ನೆನೆಸಿಕೊಂಡರೆ ಈಗಲೂ ಬೇಜಾರಾಗುತ್ತದೆ.

ಇನ್ನೊಂದು ಜಾಗ, ತಾರಸಿ ಮತ್ತು ಪ್ಯಾರಪೆಟ್ ಗೋಡೆ ಸೇರುವ ಮೂಲೆ. ಕಾಂಕ್ರೀಟ್ ಬಿಸಿಲಿಗೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ. 30 ಮೀಟರ್ ಉದ್ದದ ಚಾವಣಿಯ ಬಿಸಿ 30 ಡಿಗ್ರಿ ಏರಿದರೆ ಅದು ಸುಮಾರು 9 ಮಿಲಿಮೀಟರ್ ಉದ್ದವಾಗಲು ನೋಡುತ್ತದೆ. ಗೋಡೆ ಅದರ ಜೊತೆ ಹೋಗುವುದಿಲ್ಲ, ಮೂಲೆಯಲ್ಲಿ ಬಿರುಕು ಬಿಡುತ್ತದೆ. ಆ ಮೂಲೆಯನ್ನು ಗಾರೆಯಲ್ಲಿ ಇಳಿಜಾರಾಗಿ ತುಂಬಿಸಿ. ವಾಟರ್‌ಪ್ರೂಫಿಂಗ್ ಪದರ ತಾರಸಿಯ ಮಟ್ಟದಿಂದ 15 ಸೆಂಟಿಮೀಟರ್ ಆದರೂ ಗೋಡೆಯ ಮೇಲೆ ಹತ್ತಲಿ. ಅದರ ತುದಿಯನ್ನು ಗೋಡೆಯಲ್ಲಿ ಕೊರೆದ ಸಣ್ಣ ತೋಡಿನೊಳಗೆ ಸೇರಿಸಿ ಮುಚ್ಚಬೇಕು. ಸುಮ್ನೆ ಗೋಡೆಗೆ ಅಂಟಿಸಿ ಬಿಟ್ಟರೆ ಕೆಲವೇ ವರ್ಷದಲ್ಲಿ ಸುಲಿದು ಬರುತ್ತದೆ.

ಒಂದು ಮಾತು ಮರೆಯಬೇಡಿ. ಕೆಳಗಿನಿಂದ ನೋಡಿದಾಗ ಪ್ಲಾಸ್ಟರ್ ಉದುರಿ ಕಬ್ಬಿಣ ಕಾಣುತ್ತಿದ್ದರೆ ಇದೆಲ್ಲ ಆಮೇಲೆ. ತುಕ್ಕು ಹಿಡಿದ ಕಂಬಿ ಊದಿಕೊಂಡು ಕಾಂಕ್ರೀಟನ್ನು ಸೀಳುತ್ತದೆ. ಆ ಕೋಣೆಯಿಂದ ಮಕ್ಕಳನ್ನು ಇವತ್ತೇ ಬೇರೆ ಕಡೆ ಕೂರಿಸಿ, ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆಸಿ.

ಈಗ ಬಿಸಿಲಿನ ವಿಷಯಕ್ಕೆ ಬರೋಣ. ಬಿಳಿ ಬಣ್ಣ ಒಳ್ಳೆಯದೇ. ಕಪ್ಪು ಮೇಲ್ಮೈ ಬಿಸಿಲಿನ ಸುಮಾರು 5 ಪಾಲನ್ನಷ್ಟೇ ಹಿಂದಕ್ಕೆ ಕಳಿಸುತ್ತದೆ, ಉಳಿದ 95 ಪಾಲು ನುಂಗುತ್ತದೆ. ಹೊಸ ಬಿಳಿ ಲೇಪ 80 ಪಾಲಿನಷ್ಟು ಹಿಂದಕ್ಕೆ ಕಳಿಸುತ್ತದೆ. ಸುಡುಬಿಸಿಲಿನಲ್ಲಿ 65 ಡಿಗ್ರಿ ದಾಟುವ ಕಪ್ಪು ತಾರಸಿಗಿಂತ ಅದು 25 ಡಿಗ್ರಿಗೂ ಮೇಲೆ ತಂಪಾಗಿರಬಲ್ಲದು. ಆದರೆ ದೂಳು, ಪಾಚಿ ಕೂತರೆ ಎರಡು ಮೂರು ವರ್ಷದಲ್ಲಿ ಆ 80 ಎಂಬುದು 60ರ ಆಸುಪಾಸಿಗೆ ಇಳಿಯುತ್ತದೆ. ಅದಕ್ಕೆ ಡಬ್ಬದ ಮೇಲಿನ ಹೊಸ ಬಣ್ಣದ ಅಂಕಿ ನಂಬಬೇಡಿ. ಮೂರು ವರ್ಷ ಹಳೆಯದಾದ ಮೇಲಿನ ಅಂಕಿ ಕೇಳಿ, ವರ್ಷಕ್ಕೊಮ್ಮೆ ತೊಳೆಸಿ.

ನಿಜವಾಗಿ ಕೋಣೆ ತಣ್ಣಗಾಗಬೇಕೆಂದರೆ ಬಣ್ಣದ ಜೊತೆ ಇನ್ಸುಲೇಷನ್, ಅಂದರೆ ಬಿಸಿ ತಡೆಯುವ ಪದರ, ಬೇಕು. ಎಕ್ಸ್‌ಪಿಎಸ್ ಎಂಬ ಗಟ್ಟಿ ಫೋಮ್ ಹಲಗೆ ಸಿಗುತ್ತದೆ. ಬರೀ 50 ಮಿಲಿಮೀಟರ್ ದಪ್ಪದ ಹಲಗೆ ತಡೆಯುವಷ್ಟು ಬಿಸಿಯನ್ನು ಕಾಂಕ್ರೀಟಿನಿಂದ ತಡೆಯಲು ಎರಡು ಮೀಟರಿಗೂ ಜಾಸ್ತಿ ದಪ್ಪ ಬೇಕು! ಇದನ್ನು ಕೋಣೆಯ ಒಳಗೆ ಸೀಲಿಂಗಿಗೆ ಹಾಕಿಸುವವರು ಬಹಳ. ನನ್ನ ಸಲಹೆ, ತಾರಸಿಯ ಮೇಲೇ ಹಾಕಿಸಿ. ಆಗ ಕಾಂಕ್ರೀಟಿಗೇ ನೆರಳು ಸಿಗುತ್ತದೆ. ಮೊದಲು ಹೇಳಿದ ಹಿಗ್ಗುವುದು ಕುಗ್ಗುವುದು ತುಂಬಾ ಕಡಿಮೆಯಾಗುತ್ತದೆ, ಮೂಲೆಯ ಬಿರುಕಿಗೂ ಅದೇ ಮದ್ದು. ವಾಟರ್‌ಪ್ರೂಫಿಂಗ್ ಪದರ ಫೋಮಿನ ಕೆಳಗೆ ಇದ್ದರೆ ಅದಕ್ಕೆ ಬಿಸಿಲೂ ತಾಗುವುದಿಲ್ಲ, ಓಡಾಡುವವರ ಕಾಲೂ ತಾಗುವುದಿಲ್ಲ. ಆದರೆ ಆ ಜಾಗಕ್ಕೆ ನೀರು ಕುಡಿಯದ ಎಕ್ಸ್‌ಪಿಎಸ್ ಹಲಗೆಯೇ ಆಗಬೇಕು. ಒದ್ದೆಯಾಗುವ ಫೋಮ್ ಹಾಕಿದರೆ ಕೆಲಸ ಕೆಟ್ಟಿತು, ಏಕೆಂದರೆ ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಬಿಸಿ ದಾಟಿಸುತ್ತದೆ. ಹಲಗೆ ನೀರಿನಲ್ಲಿ ತೇಲುತ್ತದೆ, ಗಾಳಿಗೂ ಹಾರುತ್ತದೆ. ಮೇಲೆ ಕಾಂಕ್ರೀಟ್ ಬಿಲ್ಲೆ ಅಥವಾ ಜಲ್ಲಿಯ ಭಾರ ಬೇಕೇ ಬೇಕು. ಆ ಭಾರವನ್ನು ನಿಮ್ಮ ಚಾವಣಿ ಹೊರುತ್ತದೆಯೇ ಎಂದು ಎಂಜಿನಿಯರ್ ಮೊದಲೇ ಲೆಕ್ಕ ಹಾಕಲಿ. ಬಿಲ್ಲೆ ತಿಳಿಬಣ್ಣದ್ದಾದರೆ ಬೇರೆ ಬಿಳಿ ಬಣ್ಣವೇ ಬೇಡ.

ಮೇಲೆ ಶೀಟ್ ಹಾಕಿಸಿದರೆ ನೆರಳು ಸಿಗುವುದು ಹೌದು. ಆದರೆ ಕಂಬಗಳಿಗಾಗಿ ಹಳೆಯ ತಾರಸಿಯಲ್ಲಿ ಹತ್ತಾರು ತೂತು ಕೊರೆಯಬೇಕಾಗುತ್ತದೆ, ಗಾಳಿ ಶೀಟನ್ನು ಮೇಲಕ್ಕೆ ಎಳೆಯುತ್ತದೆ. ಶಾಲೆಗೆ ನಾನು ಅದನ್ನು ಹೇಳುವುದಿಲ್ಲ.

ಪ್ರಶ್ನೆ: ನಮ್ಮ ಗ್ರಂಥಾಲಯಕ್ಕೆ ಲೋಹದ ಶೀಟಿನ ಮಾಡು. ನಾಲ್ಕೇ ವರ್ಷಕ್ಕೆ ಸ್ಕ್ರೂ ಇರುವ ಕಡೆಯೆಲ್ಲ ತೊಟ್ಟಿಕ್ಕುತ್ತಿದೆ. ಮಳೆ ಶುರುವಾದರೆ ಸದ್ದಿಗೆ ಓದಲು ಆಗುವುದಿಲ್ಲ. ಶೀಟನ್ನೇ ಬದಲಿಸಬೇಕಾ?

ಬೇಕಾಗಿಲ್ಲ. ಒಂದು ಸ್ಕ್ರೂ ತೆಗೆದು ಅದರ ರಬ್ಬರ್ ವಾಷರ್ ನೋಡಿ. ಅಣಬೆಯ ಕೊಡೆಯಂತೆ ಹೊರಗೆ ಹಿಸುಕಿಕೊಂಡು ಅಂಚು ಸೀಳಿದ್ದರೆ, ಮೆಷಿನ್ನಿನಲ್ಲಿ ಅಗತ್ಯಕ್ಕಿಂತ ಬಿಗಿ ಮಾಡಿದ್ದಾರೆ. ವಾಷರ್ ಮೆತ್ತಗೆ ಒತ್ತಿಕೊಂಡು, ಸ್ಕ್ರೂ ತಲೆಯಿಂದ ಸ್ವಲ್ಪವೇ ಹೊರಗೆ ಕಂಡರೆ ಸಾಕು. ಶೀಟಿನ ತೂತು ಉದ್ದವಾಗಿ ಎಳೆದಂತಾಗಿದೆಯೇ ಅದನ್ನೂ ನೋಡಿ. 10 ಮೀಟರ್ ಉದ್ದದ ಅಲ್ಯೂಮಿನಿಯಂ ಶೀಟ್ 40 ಡಿಗ್ರಿ ಬಿಸಿ ಏರಿದರೆ ಹೆಚ್ಚುಕಮ್ಮಿ 10 ಮಿಲಿಮೀಟರ್ ಸರಿಯುತ್ತದೆ. ಉಕ್ಕಿನದು ಅದರ ಅರ್ಧ. ದಿನಾ ಹೀಗೆ ಎಳೆದಾಡಿದರೆ ತೂತು ದೊಡ್ಡದಾಗದೆ ಇರುತ್ತದಾ?

ಒಂದು ಸೈಜ್ ದಪ್ಪದ ಸ್ಕ್ರೂ, ಬಿಸಿಲು ಮಳೆ ತಾಳುವ ಇಪಿಡಿಎಂ ಎಂಬ ರಬ್ಬರಿನ ವಾಷರ್ ಹಾಕಿಸಿ. ಮಾಡಿನ ಅಂಚು ಮತ್ತು ಮೂಲೆಗಳಲ್ಲಿ ಗಾಳಿಯ ಎಳೆತ ಜಾಸ್ತಿ, ಅಲ್ಲಿ ಸ್ಕ್ರೂಗಳು ಹತ್ತಿರ ಹತ್ತಿರ ಇರಲಿ. ಹೊಸದಾಗಿ ಕಟ್ಟುವವರು ಶೀಟಿಗೆ ತೂತೇ ಹಾಕದೆ, ಅಂಚನ್ನು ಮಡಿಸಿ ಜಾರುವ ಕ್ಲಿಪ್ಪಿನಲ್ಲಿ ಹಿಡಿಸುವ ಬಗೆಯನ್ನು ಆರಿಸಿಕೊಳ್ಳಿ. ಸದ್ದಿಗೆ ಶೀಟಿನ ಅಡಿಗೆ ತಾಗಿಕೊಂಡಂತೆ ಗ್ಲಾಸ್‌ವುಲ್ (ಗಾಜಿನ ಎಳೆಗಳ) ಹಾಸು, ಅದರ ಕೆಳಗೆ ಸೀಲಿಂಗ್. ಸೆಕೆಯೂ ಇಳಿಯುತ್ತದೆ. ಫಳಫಳ ಹೊಳೆಯುವ ಶೀಟ್ ತಂಪು ಎಂದುಕೊಂಡಿದ್ದರೆ ಅದು ತಪ್ಪು. ಹೊಳೆಯುವ ಲೋಹ ಒಮ್ಮೆ ಬಿಸಿಯಾದರೆ ಆ ಬಿಸಿಯನ್ನು ಬೇಗ ಹೊರಗೆ ಬಿಡುವುದಿಲ್ಲ. ಬಿಳಿ ಬಣ್ಣದ ಶೀಟೇ ವಾಸಿ.

ಪ್ರಶ್ನೆ: ಸಮುದಾಯ ಭವನದ ತಾರಸಿಗೆ ಸೋಲಾರ್ ಹಾಕಿಸುತ್ತಿದ್ದೇವೆ. ವಾಟರ್‌ಪ್ರೂಫಿಂಗ್ ಆಮೇಲೆ ಮಾಡಿಸಿದರೆ ಆಗುತ್ತದಾ?

ದಯವಿಟ್ಟು ಬೇಡ. ಪ್ಯಾನೆಲ್ ಸುಮಾರು 25 ವರ್ಷ ಬಾಳುತ್ತದೆ. ಕೆಳಗಿನ ಪದರ ಹತ್ತು ವರ್ಷಕ್ಕೆ ಹೋದರೆ ಎಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟಬೇಕು. ಮೊದಲು ತಾರಸಿ ಸರಿಮಾಡಿಸಿ. ಸ್ಟ್ಯಾಂಡಿನ ಕಾಲುಗಳಿಗೆ ಕಾಂಕ್ರೀಟ್ ಪೀಠ ಕಟ್ಟಿಸಿ, ವಾಟರ್‌ಪ್ರೂಫಿಂಗ್ ಆ ಪೀಠದ ಮೈಮೇಲೂ ಹತ್ತಲಿ. ಪೈಪಿನ ಬಾಯಿಗಳ ಮೇಲೆ ಪ್ಯಾನೆಲ್ ಬರದಂತೆ ನೋಡಿಕೊಳ್ಳಿ, ಕೈಹಾಕಿ ಕಸ ತೆಗೆಯಲು ಆಗಬೇಕು ಅಲ್ವಾ?

ಪ್ರಶ್ನೆ: ಕಡಿಮೆ ದರ ಬರೆದವರಿಗೇ ಕೆಲಸ ಕೊಡಬೇಕು ಎಂಬ ನಿಯಮ ನಮ್ಮಲ್ಲಿದೆ. ಕೆಲಸ ಕೆಡದಂತೆ ಏನು ಮಾಡಬಹುದು?

ಟೆಂಡರಿನಲ್ಲಿ ಎರಡು ಕೋಟ್, ಮೂರು ಕೋಟ್ ಎಂದು ಬರೆಯಬೇಡಿ. ನೀರು ಬೆರೆಸಿ ನಾಲ್ಕು ಕೋಟ್ ಕೂಡ ಹೊಡೆಯಬಹುದು. ಒಣಗಿದ ಮೇಲೆ ಎಷ್ಟು ದಪ್ಪ ಇರಬೇಕೆಂದು ಬರೆಯಿರಿ, ಚಿಕ್ಕ ಚೂರು ಕತ್ತರಿಸಿ ಅಳೆದು ನೋಡಿ, ಆ ಜಾಗವನ್ನು ಅವರೇ ಮುಚ್ಚಲಿ. ಪೈಪಿನ ಬಾಯಿ, ಪ್ಯಾರಪೆಟ್ ಮೂಲೆ ಎರಡನ್ನೂ ಬೇರೆ ಬೇರೆ ಬಾಬತ್ತಾಗಿ, ಚಿತ್ರದ ಸಮೇತ ಸೇರಿಸಿ. ವಾಟರ್‌ಪ್ರೂಫಿಂಗ್ ಮುಗಿದ ಕೂಡಲೇ, ಮೇಲೆ ಏನೂ ಹಾಸುವ ಮುಂಚೆ, ಪೈಪಿಗೆ ಬಿರಡೆ ಹಾಕಿ ತಾರಸಿಯಲ್ಲಿ ನೀರು ನಿಲ್ಲಿಸಿ ನೋಡಬೇಕು. 25ರಿಂದ 50 ಮಿಲಿಮೀಟರ್ ನೀರು, 24ರಿಂದ 48 ಗಂಟೆ. ಆ ಭಾರಕ್ಕೂ ಎಂಜಿನಿಯರ್ ಒಪ್ಪಿಗೆ ಬೇಕು. ಅಷ್ಟು ಹೊತ್ತೂ ಕೆಳಗಿನ ಕೋಣೆಯಲ್ಲಿ ನಿಮ್ಮವರೊಬ್ಬರು ಆಗಾಗ ಟಾರ್ಚ್ ಹಿಡಿದು ಸೀಲಿಂಗ್ ನೋಡುತ್ತಿರಲಿ. ಬಿಲ್ಲಿನ ಒಂದು ಭಾಗವನ್ನು ಒಂದು ಮಳೆಗಾಲ ಕಳೆಯುವವರೆಗೆ ಕೊಡದೆ ಇಟ್ಟುಕೊಳ್ಳುವ ಷರತ್ತನ್ನು ಟೆಂಡರಿನಲ್ಲೇ ಹಾಕಿ. ಗ್ಯಾರಂಟಿ ಪತ್ರದಲ್ಲಿ ಸಾಮಾನಿಗೆ ಮಾತ್ರ ಗ್ಯಾರಂಟಿಯೋ, ಕೂಲಿಗೂ ಸೇರಿಯೋ ಎಂದು ಓದಿ ನೋಡಿದ ಮೇಲೇ ಸಹಿ ಹಾಕಿ.