ಚಿಕ್ಕಮಗಳೂರಿನ ಚಳಿಗೆ ತಲೆ ತುರಿಸಿ ಪುಡಿ ಉದುರುತ್ತಿದೆ, ಹೊಟ್ಟೇ ಇರಬಹುದಾ?

ಉದುರಿದ್ದನ್ನು ಬೆರಳಲ್ಲಿ ಉಜ್ಜಿ ನೋಡಿ. ಒಣಗಿದ ಬಿಳಿ ಪುಡಿಯಾದರೆ ಬರೀ ಚರ್ಮ ಒಣಗಿದೆ. ಮಾಗಿಯಲ್ಲಿ ಹಂಡೆಯ ಸುಡುನೀರು ಹೊಯ್ದುಕೊಳ್ಳುವವರಿಗೆ ಇದು ಮಾಮೂಲಿ. ನೀರು ಉಗುರುಬೆಚ್ಚಗಿರಲಿ.

ಜಿಡ್ಡುಜಿಡ್ಡಾಗಿ ಹಳದಿಯಿದ್ದು ಹುಬ್ಬು, ಮೂಗಿನ ಪಕ್ಕ, ಕಿವಿ ಹಿಂದೆಯೂ ಕಂಡರೆ ಹೊಟ್ಟೇ. ದಯವಿಟ್ಟು ಎಣ್ಣೆ ಹಚ್ಚಿ ರಾತ್ರಿಯಿಡೀ ಬಿಡಬೇಡಿ, ಮಲಸೇಜಿಯಾ ಎಂಬ ಶಿಲೀಂಧ್ರ ಬದುಕುವುದೇ ಜಿಡ್ಡಿನ ಮೇಲೆ. ಶೇ. 2ರ ಕೀಟೊಕೊನಜೋಲ್ ಶಾಂಪೂ ವಾರಕ್ಕೆ 2 ಸಲ, 4 ವಾರ ಹಾಕಿ. ನೊರೆ ಕೂದಲ ಬುಡದಲ್ಲಿ 5 ನಿಮಿಷ ನಿಲ್ಲಬೇಕು. ಹಚ್ಚಿದ ಕೂಡಲೇ ತೊಳೆಯುವುದರಿಂದಲೇ ಎಷ್ಟೋ ಜನರಿಗೆ ಗುಣ ಕಾಣುವುದಿಲ್ಲ.

ಬೆಳ್ಳಿಬಣ್ಣದ ದಪ್ಪ ಪದರ ಹಣೆಯಂಚು ದಾಟಿ, ಮೊಣಕೈಯಲ್ಲೂ ಇದ್ದರೆ ಸೋರಿಯಾಸಿಸ್ ಎಂಬ ಚರ್ಮರೋಗ ಇರಬಹುದು. ಬಿಳಿ ಚುಕ್ಕೆ ಕೂದಲೆಳೆಗೇ ಅಂಟಿ, ಎಳೆದರೂ ಜಾರದಿದ್ದರೆ ಹೇನಿನ ಸೀರು. ಮಕ್ಕಳಲ್ಲಿ ಕೂದಲು ತುಂಡಾಗಿ ಬೋಳು ಮಚ್ಚೆ ಬಿದ್ದರೆ ಹುಳಕಡ್ಡಿಯ ಅನುಮಾನ. ಅದಕ್ಕೆ ಮುಲಾಮು ಸಾಲದು, ಮಾತ್ರೆಯೇ ಬೇಕು. ಬೇಗ ಚರ್ಮವೈದ್ಯರಿಗೆ ತೋರಿಸಿ.